ಲ್ಯಾಬ್ ಅನಿಮಲ್ ಕೇರ್ ಕೆಲಸಕ್ಕೆ ಸೇರೋದು ಹೇಗೆ: ಕೇಜ್ ತೊಳೆಯೋ ರೂಮಿಂದ ಫೆಸಿಲಿಟಿ ಮ್ಯಾನೇಜರ್ ಕುರ್ಚಿವರೆಗೆ

"ಬಯಾಲಜಿ ಡಿಗ್ರಿ ಮುಗ್ಸಿದೀನಿ, ಪ್ರಾಣಿಗಳಂದ್ರೆ ಜೀವ, ಲ್ಯಾಬ್ ಅನಿಮಲ್ ಕೇರ್‌ನಲ್ಲಿ ಕೆಲಸ ಸಿಗತ್ತಾ? ವೆಟರ್ನರಿ ಓದಿರ್ಲೇಬೇಕಾ? ಮುಂದೆ ಬೆಳೆಯೋಕೆ ದಾರಿ ಇದ್ಯಾ?" ಈ ಮೂರು ಪ್ರಶ್ನೆನೇ ತಿರುಗಿ ತಿರುಗಿ ಬರ್ತಾ ಇದೆ, ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋ ಬದ್ಲು ಒಂದೇ ಕಡೆ ಪೂರ್ತಿ ಬರೆದುಬಿಡೋಣ ಅಂತ ಕೂತಿದೀನಿ.

ಮೊದ್ಲು ಕೆಲಸ ಏನು ಅಂತ ಹೇಳ್ತೀನಿ. ಔಷಧ, ಲಸಿಕೆ, ಕಾಯಿಲೆಗಳ ಸಂಶೋಧನೆಗೆ ಸಾಕಿರೋ ಪ್ರಾಣಿಗಳನ್ನ ದಿನಾ ನೋಡ್ಕೊಳ್ಳೋದು ಮತ್ತೆ ಅವು ಇರೋ ಕಟ್ಟಡವನ್ನ (ಇದನ್ನೇ ಫೆಸಿಲಿಟಿ ಅಂತಾರೆ) ನಡೆಸೋದು. ಹೆಚ್ಚಿನ ಕಡೆ ಇಲಿಗಳೇ ಜಾಸ್ತಿ. ಅದ್ರಲ್ಲೂ ಎರಡು ಬೇರೆ ಬೇರೆ ಪ್ರಾಣಿ: ಚಿಕ್ಕ ಸುಂಡಿಲಿಗೆ ಮೌಸ್ ಅಂತಾರೆ, ದೊಡ್ಡದಕ್ಕೆ ರ‍್ಯಾಟ್, ಎರಡರ ಸ್ವಭಾವ ಬೇರೆ, ಕಾಯಿಲೆ ಬೇರೆ, ಹಿಡಿಯೋ ರೀತಿನೂ ಬೇರೆ. ಜೊತೆಗೆ ಝೀಬ್ರಾಫಿಶ್, ಮೊಲ, ಗಿನಿಪಿಗ್, ಕೆಲವು ಕಡೆ ಹಂದಿ, ನಾಯಿ, ಕೋತಿ ಇರತ್ತೆ. ಪ್ರಯೋಗ ಮಾಡೋರು ವಿಜ್ಞಾನಿಗಳು, ಆದ್ರೆ ಅವರು ಪ್ರಾಣಿ ಹತ್ರ ಇರೋದು ಸ್ವಲ್ಪ ಹೊತ್ತು. ಅದು ತಿಂತಾ, ನೀರು ಕುಡೀತಾ, ನೋವಲ್ಲಿದ್ಯಾ, ಚಳಿ ಆಗ್ತಿದ್ಯಾ ಅಂತ ಪ್ರತಿ ದಿನ ನೋಡೋ ಮನುಷ್ಯ ಕೇರ್‌ಟೇಕರ್ ಒಬ್ಬರೇ. ಈ ಕ್ಷೇತ್ರದಲ್ಲಿ ಮೇಲೆ ಬರೋರು ಯಾರು ಅಂತ ಕೇಳಿದ್ರೆ ನನ್ನ ಉತ್ತರ ಇಷ್ಟೇ: ಚೆನ್ನಾಗಿ ನೋಡೋರು, ನೋಡಿದ್ದನ್ನ ಸರಿಯಾಗಿ ಬರೆದಿಡೋರು. ಡಿಗ್ರಿ ಆಮೇಲೆ.

ಹಂತ 1: ಅರ್ಜಿ ಹಾಕೋಕೆ ಮುಂಚೆ ಮನಸ್ಸಲ್ಲಿ ಇತ್ಯರ್ಥ ಮಾಡ್ಕೊಳ್ಳಿ

ಪ್ರಾಣಿಗಳಂದ್ರೆ ಇಷ್ಟ ಅನ್ನೋದು ಒಳ್ಳೇ ಕಾರಣನೇ, ನಿಜವಾಗ್ಲೂ ಇಷ್ಟ ಇಲ್ದೋರು ಈ ಕೆಲಸಕ್ಕೆ ಬರ್ಲೇಬಾರ್ದು. ಆದ್ರೆ ನೀವು ಸಾಕಿದ ಪ್ರಾಣಿಗಳಲ್ಲಿ ಬಹುಪಾಲನ್ನ ಅಧ್ಯಯನ ಮುಗಿದ ಮೇಲೆ ಕೊಲ್ಲಲಾಗತ್ತೆ, ಎಷ್ಟೋ ಸಲ ಆ ಕೆಲಸ ನಿಮ್ಮ ಕೈಯಿಂದ್ಲೇ ಆಗ್ಬೇಕಾಗತ್ತೆ. ಇದಕ್ಕೆ ಯುಥನೇಷಿಯಾ ಅಂತಾರೆ, ಅಂದ್ರೆ ಆದಷ್ಟು ನೋವಿಲ್ಲದೆ, ಭಯವಿಲ್ಲದೆ ಸಾಯಿಸೋದು. ಇದನ್ನ ಇಂಟರ್ವ್ಯೂನಲ್ಲಿ ಕೇಳೇ ಕೇಳ್ತಾರೆ. "ಅಭ್ಯಾಸ ಆಗೋಗತ್ತೆ ಬಿಡಿ" ಅನ್ನೋ ಉತ್ತರ ಒಳ್ಳೇ ಮ್ಯಾನೇಜರ್‌ಗೆ ಇಷ್ಟ ಆಗಲ್ಲ, ಆಗ್ಲೂಬಾರ್ದು. ಇದು ಯಾಕೆ ನಡೀತಿದೆ, ಬೇರೆ ದಾರಿ ಹುಡುಕಿದಾರಾ, ನೋವು ಕಡಿಮೆ ಮಾಡೋಕೆ ಏನು ಮಾಡಿದಾರೆ ಅಂತ ಕೇಳೋ ಮನಸ್ಸು ಇರ್ಬೇಕು.

ಈ ಕೇಳೋ ಮನಸ್ಸಿಗೆ ಒಂದು ಚೌಕಟ್ಟಿದೆ, ಅದನ್ನ 3ಆರ್ ಅಂತಾರೆ, 1959ರಲ್ಲಿ ವಿಲಿಯಂ ರಸೆಲ್ ಮತ್ತೆ ರೆಕ್ಸ್ ಬರ್ಚ್ ಅನ್ನೋ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಮುಂದಿಟ್ಟಿದ್ದು. ರಿಪ್ಲೇಸ್‌ಮೆಂಟ್ ಅಂದ್ರೆ ಪ್ರಾಣಿ ಬದ್ಲು ಬೇರೆ ವಿಧಾನ ಬಳಸೋದು, ರಿಡಕ್ಷನ್ ಅಂದ್ರೆ ಸಂಖ್ಯೆ ಕಡಿಮೆ ಮಾಡೋದು, ರಿಫೈನ್‌ಮೆಂಟ್ ಅಂದ್ರೆ ಬಳಸೋ ಪ್ರಾಣಿಗೆ ಕಷ್ಟ ಕಡಿಮೆ ಆಗೋ ಹಾಗೆ ಮಾಡೋದು. ಮೂರನೇದು ನೇರವಾಗಿ ನಿಮ್ಮ ಕೈಲಿರೋ ಕೆಲಸ.

ಇನ್ನೊಂದು ವಿಷ್ಯ, ರಜೆ. ಪ್ರಾಣಿಗಳನ್ನ ದಿನಕ್ಕೊಂದ್ಸಲ ಆದ್ರೂ ನೋಡ್ಲೇಬೇಕು, ಭಾನುವಾರ ಆಗ್ಲಿ, ಹಬ್ಬ ಆಗ್ಲಿ, ಬಿರುಗಾಳಿ ಬರ್ಲಿ. 2020ರಲ್ಲಿ ಕೋವಿಡ್ ಲಾಕ್‌ಡೌನ್ ಟೈಮಲ್ಲಿ ಎಷ್ಟೋ ಲ್ಯಾಬ್ ಮುಚ್ಚಿದ್ರೂ ಅನಿಮಲ್ ಕೇರ್‌ನೋರು ಬರ್ತಾನೇ ಇದ್ರು. ಸರದಿ ಮೇಲೆ ವೀಕೆಂಡ್ ಡ್ಯೂಟಿ ಇರತ್ತೆ ಅಂತ ಮನೇಲಿ ಮೊದ್ಲೇ ಹೇಳಿಡಿ.

ಇಲ್ಲಿ ತುಂಬಾ ಜನ ಎಡವೋ ಜಾಗ: ಮನೇಲಿ ಹ್ಯಾಮ್‌ಸ್ಟರೋ ಬಿಳಿ ಇಲಿನೋ ಸಾಕಿರ್ತಾರೆ, ಅದನ್ನ ಅನುಭವ ಅಂತ ರೆಸ್ಯೂಮೆಯಲ್ಲಿ ಬರೀತಾರೆ. ಇಲಿ ಇರೋ ಫೆಸಿಲಿಟಿಗಳಲ್ಲಿ ಅದೇ ತೊಂದ್ರೆ ಆಗ್ಬಹುದು, ಯಾಕಂದ್ರೆ ಮನೆ ಇಲಿಯ ಸೋಂಕು ನಿಮ್ಮ ಬಟ್ಟೆ, ಕೂದ್ಲು ಹಿಡ್ಕೊಂಡು ಒಳಗೆ ಬಂದ್ರೆ ಇಡೀ ಕಾಲೊನಿ, ಅಂದ್ರೆ ಅಲ್ಲಿ ಸಾಕಿರೋ ಇಲಿಗಳ ಗುಂಪೇ, ಹಾಳು. ಆ ಸಂಸ್ಥೆ ನಿಯಮ ಏನು ಅಂತ ಕೇಳಿ, ಮುಚ್ಚಿಡಬೇಡಿ.

ಹಂತ 2: ಓದು ಎಷ್ಟು ಬೇಕು

ಕೇರ್‌ಟೇಕರ್ ಅಂದ್ರೆ ಮೊದಲ ಮೆಟ್ಟಿಲ ಕೆಲಸಕ್ಕೆ ಬಹಳ ಕಡೆ ಶಾಲೆ ಮುಗಿಸಿದ್ರೆ ಸಾಕು, ತರಬೇತಿ ಅವರೇ ಕೊಡ್ತಾರೆ. ಟೆಕ್ನಿಷಿಯನ್ ಆಗೋಕೆ ಬಯಾಲಜಿ, ಝೂವಾಲಜಿ, ಅನಿಮಲ್ ಸೈನ್ಸ್, ವೆಟರ್ನರಿ ನರ್ಸಿಂಗ್ ತರದ ಓದು ಇದ್ರೆ ಅನುಕೂಲ. ವೆಟರ್ನರಿ ಡಿಗ್ರಿ ಬೇಕಾಗಿರೋದು ಲ್ಯಾಬ್ ಅನಿಮಲ್ ಪಶುವೈದ್ಯರಾಗೋಕೆ ಮಾತ್ರ, ಅದು ಬೇರೆನೇ ದಾರಿ, ಡಿಗ್ರಿ ಆದ್ಮೇಲೆ ಮತ್ತೆ ಕೆಲವು ವರ್ಷದ ವಿಶೇಷ ತರಬೇತಿ ಇರತ್ತೆ. ಮ್ಯಾನೇಜರ್ ಆಗೋಕೆ ವೈದ್ಯರಾಗಿರ್ಬೇಕು ಅಂತೇನಿಲ್ಲ, ಕೇಜ್ ತೊಳೆಯೋದ್ರಿಂದ ಶುರು ಮಾಡಿ ಮ್ಯಾನೇಜರ್ ಆದೋರು ಈ ಕ್ಷೇತ್ರದಲ್ಲಿ ಸಾಮಾನ್ಯ.

ಹಂತ 3: ಆರೋಗ್ಯ, ಮುಖ್ಯವಾಗಿ ಅಲರ್ಜಿ

ಸೇರೋಕೆ ಮುಂಚೆ ಮೆಡಿಕಲ್ ಚೆಕಪ್ ಇರತ್ತೆ, ಟೆಟನಸ್ ಇಂಜೆಕ್ಷನ್ ಹಾಕಿಸ್ಕೋಬೇಕು, ಕೋತಿಗಳ ಜೊತೆ ಕೆಲಸ ಆದ್ರೆ ಕ್ಷಯದ ಪರೀಕ್ಷೆನೂ ಮಾಡ್ತಾರೆ. ಇದೆಲ್ಲ ಸುಲಭ. ಜನ ತಾತ್ಸಾರ ಮಾಡೋದು ಅಲರ್ಜಿನ. ಇಲಿಗಳ ಮೂತ್ರದಲ್ಲಿ ಇರೋ ಪ್ರೋಟೀನು ಒಣಗಿ ಧೂಳಾಗಿ ಗಾಳಿಗೆ ಸೇರತ್ತೆ, ದಿನಾ ಅದನ್ನ ಉಸಿರಾಡಿದ್ರೆ ಕೆಲವರಿಗೆ ಮೊದ್ಲು ಮೂಗು ಸೋರತ್ತೆ, ಕಣ್ಣು ಉರಿಯತ್ತೆ, ಆಮೇಲೆ ಅದು ಅಸ್ತಮಾಕ್ಕೆ ತಿರುಗ್ಬಹುದು. ಸಾಮಾನ್ಯವಾಗಿ ಇದು ಕಾಣಿಸ್ಕೊಳ್ಳೋದು ಮೊದಲ ಕೆಲವು ವರ್ಷದಲ್ಲೇ. ಕೆಲಸ ಹೋಗತ್ತೆ ಅಂತ ಹೆದರಿ ಶೀತ ಅಂತ ಸುಳ್ಳು ಹೇಳ್ಕೊಂಡು ಮಾತ್ರೆ ನುಂಗಿ ಮುಂದುವರಿಯೋರು ಇದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಬೇಗ ಹೇಳಿದ್ರೆ ಕೆಲಸದ ಜಾಗ ಬದಲಾಯಿಸ್ಬಹುದು, ತಡ ಆದ್ರೆ ಶ್ವಾಸಕೋಶಕ್ಕೇ ಪೆಟ್ಟು ಬೀಳ್ಬಹುದು. ಎನ್95 ಮಾಸ್ಕ್ ಹಾಕೋದಾದ್ರೆ ಫಿಟ್ ಟೆಸ್ಟ್ ಮಾಡಿಸಿ, ಅಂದ್ರೆ ನಿಮ್ಮ ಮುಖಕ್ಕೆ ಅದು ಗಾಳಿ ಸೋರದ ಹಾಗೆ ಕೂರತ್ತಾ ಅಂತ ನೋಡೋ ಪರೀಕ್ಷೆ. ಗಡ್ಡ ಇದ್ರೆ ಆ ತರದ ಮಾಸ್ಕ್ ಸರಿಯಾಗಿ ಕೂರಲ್ಲ. ಹಳೇ ಬೆಡ್ಡಿಂಗ್, ಅಂದ್ರೆ ಕೇಜ್ ತಳಕ್ಕೆ ಹಾಕಿರೋ ಮರದ ಹೊಟ್ಟು, ಸುರಿಯೋ ಕೆಲಸದಲ್ಲಿ ಧೂಳು ಬಹಳ ಏಳತ್ತೆ, ಅಲ್ಲಿ ಗಾಳಿ ಎಳ್ಕೊಳ್ಳೋ ಡಂಪಿಂಗ್ ಸ್ಟೇಷನ್ ಇದ್ರೆ ಅದನ್ನ ಬಿಟ್ಟು ಬೇರೆ ಕಡೆ ಸುರಿಯಲೇಬೇಡಿ.

ಹಂತ 4: ಎಲ್ಲಿ ಹುಡುಕೋದು, ಏನು ಕೇಳೋದು

ಯೂನಿವರ್ಸಿಟಿಗಳು, ಮೆಡಿಕಲ್ ಕಾಲೇಜುಗಳು, ಸರ್ಕಾರಿ ಸಂಶೋಧನಾ ಸಂಸ್ಥೆಗಳು, ಫಾರ್ಮಾ ಕಂಪನಿಗಳು, ಸಿಆರ್‌ಒಗಳು (ಬೇರೆ ಕಂಪನಿಗಳಿಗೋಸ್ಕರ ಗುತ್ತಿಗೆ ಮೇಲೆ ಪರೀಕ್ಷೆ ನಡೆಸೋ ಸಂಸ್ಥೆಗಳು), ಲ್ಯಾಬ್ ಪ್ರಾಣಿಗಳನ್ನೇ ಬೆಳೆಸಿ ಮಾರೋ ಬ್ರೀಡಿಂಗ್ ಕಂಪನಿಗಳು. ಜಾಹೀರಾತಲ್ಲಿ ಹೆಸರು ಅನಿಮಲ್ ಟೆಕ್ನಿಷಿಯನ್, ಅನಿಮಲ್ ಅಟೆಂಡೆಂಟ್, ಹಸ್ಬೆಂಡ್ರಿ ಟೆಕ್ನಿಷಿಯನ್, ವೈವೇರಿಯಂ ಅಸಿಸ್ಟೆಂಟ್ ಅಂತ ಬೇರೆ ಬೇರೆ ಇರತ್ತೆ. ವೈವೇರಿಯಂ ಅಂದ್ರೆ ಪ್ರಾಣಿಗಳನ್ನ ಇಡೋ ಕಟ್ಟಡ, ಅನಿಮಲ್ ಹೌಸ್ ಅಂತ್ಲೂ ಕರೀತಾರೆ.

ಇಂಟರ್ವ್ಯೂನಲ್ಲಿ ನೀವೂ ನಾಲ್ಕು ಪ್ರಶ್ನೆ ಕೇಳಿ. ಎಎಎಎಲ್‌ಎಸಿ ಮಾನ್ಯತೆ ಇದ್ಯಾ? ಇದು 1965ರಲ್ಲಿ ಶುರುವಾದ ಸಂಸ್ಥೆ, ಪ್ರಾಣಿ ಆರೈಕೆಯ ಗುಣಮಟ್ಟ ಬಂದು ಪರಿಶೀಲಿಸಿ ಮಾನ್ಯತೆ ಕೊಡತ್ತೆ, ಆ ಮಾನ್ಯತೆ ತಗೊಳ್ಳೋದು ಬಿಡೋದು ಆಯಾ ಲ್ಯಾಬ್‌ನೋರ ಇಷ್ಟ. ಎಥಿಕ್ಸ್ ಕಮಿಟಿಗೆ (ಪ್ರಾಣಿ ಪ್ರಯೋಗಗಳನ್ನ ಪರಿಶೀಲಿಸಿ ಒಪ್ಪಿಗೆ ಕೊಡೋ ಸಮಿತಿ) ಕೇರ್‌ಟೇಕರ್ ನೇರವಾಗಿ ದೂರು ಕೊಡ್ಬಹುದಾ? ಒಬ್ಬರಿಗೆ ದಿನಕ್ಕೆ ಎಷ್ಟು ಕೇಜ್ ಬರತ್ತೆ? ಕೊನೇದಾಗಿ, ತರಬೇತಿ ಯಾರು ಕೊಡ್ತಾರೆ, ಎಷ್ಟು ದಿನ? ಕೊನೇ ಎರಡಕ್ಕೆ ಉತ್ತರ ತೇಲಿಸಿದ್ರೆ ಅಲ್ಲಿ ಜನ ಸಾಲ್ತಿಲ್ಲ ಅಂತ ಅರ್ಥ ಮಾಡ್ಕೊಳ್ಳಿ.

ಹಂತ 5: ಮೊದಲ ತಿಂಗಳುಗಳು, ತೊಳೆಯೋದು ಮತ್ತೆ ದಾರಿ ತಪ್ಪದೆ ಓಡಾಡೋದು

ಶುರುವಲ್ಲಿ ನಿಮ್ಮನ್ನ ಹಾಕೋದು ಕೇಜ್ ವಾಶ್‌ಗೆ. ಬೇಜಾರು ಮಾಡ್ಕೋಬೇಡಿ, ಇಡೀ ಫೆಸಿಲಿಟಿ ಹೇಗೆ ನಡೀತಿದೆ ಅಂತ ಅಲ್ಲಿ ಗೊತ್ತಾಗೋ ಹಾಗೆ ಇನ್ನೆಲ್ಲೂ ಗೊತ್ತಾಗಲ್ಲ. ಕೊಳೆ ಕೇಜ್ ಒಂದು ಬಾಗಿಲಲ್ಲಿ ಒಳಗೆ ಹೋಗಿ, ಕ್ಲೀನ್ ಆಗಿ ಇನ್ನೊಂದು ಬಾಗಿಲಲ್ಲಿ ಬರತ್ತೆ, ಎರಡೂ ಕಡೆ ಒಂದಕ್ಕೊಂದು ಸೇರ್ಬಾರ್ದು. ವಾಶರ್‌ನ ಕೊನೇ ನೀರು ಎಷ್ಟೋ ಕಡೆ 82 ಡಿಗ್ರಿ ಮುಟ್ಟಬೇಕು ಅಂತ ಇಟ್ಕೊಂಡಿರ್ತಾರೆ. ಅದನ್ನ ನಂಬಿ ಬಿಡಲ್ಲ, ಬಿಸಿಗೆ ಬಣ್ಣ ಬದಲಾಗೋ ಪಟ್ಟಿ ಅಂಟಿಸಿ ಪರೀಕ್ಷೆ ಮಾಡ್ತಾರೆ. ಆಟೋಕ್ಲೇವ್ ಅಂದ್ರೆ ಒತ್ತಡದ ಹಬೆಯಲ್ಲಿ, ಸಾಮಾನ್ಯವಾಗಿ 121 ಡಿಗ್ರಿಯಲ್ಲಿ, ಸೂಕ್ಷ್ಮಜೀವಿ ಕೊಲ್ಲೋ ಯಂತ್ರ. ಅದರ ಟೇಪು ಕಪ್ಪಾದ್ರೆ ಒಳಗೆಲ್ಲ ಸ್ಟೆರೈಲ್ ಆಯ್ತು ಅಂತ ಅಂದ್ಕೋಬೇಡಿ, ಟೇಪು ಹೇಳೋದು ಹೊರಗೆ ಬಿಸಿ ತಗುಲಿತು ಅಂತ ಮಾತ್ರ, ನಿಜವಾದ ಪರೀಕ್ಷೆಗೆ ಬ್ಯಾಕ್ಟೀರಿಯಾ ಸ್ಪೋರ್ ಇರೋ ಸೀಸೆ ಒಳಗಿಟ್ಟು ನೋಡ್ತಾರೆ.

ಆಮೇಲೆ ರೂಮ್ ಆರ್ಡರ್, ಅಂದ್ರೆ ಯಾವ ರೂಮಿಗೆ ಮೊದ್ಲು, ಯಾವುದಕ್ಕೆ ಆಮೇಲೆ ಹೋಗ್ಬೇಕು ಅನ್ನೋ ಕ್ರಮ. ಎಸ್‌ಪಿಎಫ್ ಅಂದ್ರೆ ಗೊತ್ತಿರೋ ಕೆಲವು ನಿರ್ದಿಷ್ಟ ರೋಗಾಣುಗಳು ಇಲ್ಲ ಅಂತ ಪರೀಕ್ಷೆ ಮಾಡಿಟ್ಟಿರೋ ಪ್ರಾಣಿಗಳು. ಅವು ಇರೋ ಅತಿ ಕ್ಲೀನ್ ರೂಮು ಮೊದ್ಲು, ಕೊನೆಗೆ ಕ್ವಾರಂಟೈನ್ ರೂಮು, ವಾಪಸ್ ಹೋಗೋ ಹಾಗಿಲ್ಲ. "ಒಂದು ಪೆನ್ ಮರೆತೆ, ತಗೊಂಡ್ ಬಂದ್ಬಿಡ್ತೀನಿ" ಅಂತ ಕ್ವಾರಂಟೈನಿಂದ ಎಸ್‌ಪಿಎಫ್ ರೂಮಿಗೆ ಓಡಿ ಹೋಗೋದು ಹೊಸಬರು ಮಾಡೋ ದೊಡ್ಡ ತಪ್ಪು, ಆ ಒಂದು ಓಡಾಟದಿಂದ ವರ್ಷಗಟ್ಟಲೆ ಬೆಳೆಸಿದ ಕಾಲೊನಿಯನ್ನೇ ಕೊಲ್ಲಬೇಕಾಗಿ ಬರ್ಬಹುದು.

ಸೆಂಟು, ವಾಸನೆ ಇರೋ ಲೋಷನ್ ಬೇಡ. ಇಲಿಗಳು ಮೂಗಿಂದ ಬದುಕೋ ಪ್ರಾಣಿಗಳು, ಗಂಡಸರ ಮೈ ವಾಸನೆಯೊಂದೇ ಇಲಿಗಳಲ್ಲಿ ಒತ್ತಡ ಹುಟ್ಟಿಸಿ ನೋವಿನ ಪ್ರಯೋಗದ ಫಲಿತಾಂಶ ಬದಲಾಯಿಸತ್ತೆ ಅಂತ 2014ರಲ್ಲಿ ಕೆನಡಾದ ಸಂಶೋಧಕರು ತೋರಿಸಿದಾರೆ. ಶಬ್ದನೂ ಅಷ್ಟೇ, ಮನುಷ್ಯರಿಗೆ 20 ಕಿಲೋಹರ್ಟ್ಝ್ ಮೇಲೆ ಕೇಳಿಸಲ್ಲ, ಇಲಿಗಳಿಗೆ ಅದಕ್ಕಿಂತ ಬಹಳ ಮೇಲಿನ ಶಬ್ದ ಕೇಳಿಸತ್ತೆ, ನಿಮಗೆ ನಿಶ್ಶಬ್ದ ಅನ್ಸೋ ರೂಮಲ್ಲಿ ಸೋರೋ ನಲ್ಲಿ, ಟ್ರಾಲಿ ಚಕ್ರ, ಕಂಪ್ಯೂಟರ್ ಮಾನಿಟರ್ ಅವುಗಳಿಗೆ ಕಿರುಚ್ತಾ ಇರ್ಬಹುದು.

ಹಂತ 6: ಹಿಡಿಯೋದು ಮತ್ತೆ ನೋಡೋದು ಕಲೀರಿ

ಇದೇ ಕೆಲಸದ ತಿರುಳು, ಇಲ್ಲಿ ಅವಸರ ಮಾಡ್ಬೇಡಿ.

ಮೌಸನ್ನ ಬಾಲ ಹಿಡಿದು ಎತ್ತೋದು ಹಳೇ ಪದ್ಧತಿ, ಇವತ್ತಿಗೂ ಎಷ್ಟೋ ಕಡೆ ಹಾಗೇ ಕಲಿಸ್ತಾರೆ. ಪ್ಲಾಸ್ಟಿಕ್ ಕೊಳವೆಯೊಳಗೆ ಹೋಗೋಕೆ ಬಿಟ್ಟು ಎತ್ತಿದ್ರೆ ಅಥ್ವಾ ಎರಡೂ ಅಂಗೈಲಿ ಬೊಗಸೆ ಮಾಡಿ ಎತ್ತಿದ್ರೆ ಅವುಗಳ ಆತಂಕ ಎಷ್ಟೋ ಕಡಿಮೆ ಅಂತ 2010ರಲ್ಲೇ ಜೇನ್ ಹರ್ಸ್ಟ್ ಮತ್ತೆ ರೆಬೆಕಾ ವೆಸ್ಟ್ ತೋರಿಸಿದಾರೆ. ಟೈಮ್ ಜಾಸ್ತಿ ಬೇಕು ಅಂತ ಯಾರಾದ್ರೂ ಹೇಳಿದ್ರೆ ಒಂದು ವಾರ ಮಾಡಿ ನೋಡಿ ಅನ್ನಿ, ಕೈ ಪಳಗಿದ ಮೇಲೆ ವ್ಯತ್ಯಾಸ ತುಂಬಾ ಕಮ್ಮಿ. ಮೊಲನ ಕಿವಿ ಹಿಡಿದು ಎತ್ತೋದಂತೂ ಯಾವತ್ತೂ ಬೇಡ, ಹಿಂಗಾಲಿಗೆ ಆಸರೆ ಕೊಡ್ದೆ ಎತ್ತಿದ್ರೆ ಅದು ಒದ್ದಾಡಿ ತನ್ನ ಬೆನ್ನುಮೂಳೆನೇ ಮುರ್ಕೊಳ್ಬಹುದು.

ನೋಡೋದು ಅಂದ್ರೆ ಏನು? ಕೇಜ್ ಮುಟ್ಟೋಕೆ ಮುಂಚೆ ಒಂದು ಕ್ಷಣ ನಿಂತು ನೋಡಿ. ಗುಂಪಿಂದ ದೂರ ಒಂದು ಮೂಲೇಲಿ ಬೆನ್ನು ಗೂನು ಮಾಡಿ, ರೋಮ ಕೆದರಿಕೊಂಡು ಕೂತಿದ್ಯಾ? ಗೂಡು ಕಟ್ಟಿದ್ಯಾ ಇಲ್ವಾ? ಚೆನ್ನಾಗಿರೋ ಮೌಸ್ ಗೂಡು ಕಟ್ಟತ್ತೆ, ಕಟ್ಟೋದು ಬಿಟ್ಟಿದೆ ಅಂದ್ರೆ ಏನೋ ಸರಿ ಇಲ್ಲ. ಕಣ್ಣು ಕಿರಿದಾಗಿ, ಮೂಗು ಕೆನ್ನೆ ಉಬ್ಬಿ, ಕಿವಿ ಹಿಂದೆ ಸರಿದಿದ್ರೆ ಅದು ನೋವಿನ ಮುಖ. ಇದನ್ನ ಅಂಕ ಹಾಕಿ ಅಳೆಯೋ ವಿಧಾನಕ್ಕೆ ಗ್ರಿಮೇಸ್ ಸ್ಕೇಲ್ ಅಂತಾರೆ, ಮೌಸ್‌ಗೆ 2010ರಲ್ಲಿ ಬಂತು. ಮೈ ಕಂಡೀಷನ್ನಿಗೆ 1ರಿಂದ 5ರ ಸ್ಕೋರ್ ಇದೆ, 3 ಸರಿಯಾದ್ದು, 1 ಅಂದ್ರೆ ಮೂಳೆ ಎದ್ದು ಕಾಣೋಷ್ಟು ಬಡಕಲು.

ರ‍್ಯಾಟ್ ಕಣ್ಣು ಮೂಗಿನ ಸುತ್ತ ಕೆಂಪಗೆ ಅಂಟಿರೋದು ನೋಡಿ ಹೊಸಬರು ರಕ್ತ ಅಂತ ಗಾಬರಿ ಆಗ್ತಾರೆ. ಅದು ರಕ್ತ ಅಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರೋ ಪೋರ್ಫಿರಿನ್ ಅನ್ನೋ ಬಣ್ಣದ ದ್ರವ. ಹಾಗಂತ ಸುಮ್ನೆ ಬಿಡೋದೂ ಅಲ್ಲ, ಪ್ರಾಣಿ ಒತ್ತಡದಲ್ಲಿದೆ ಅಥ್ವಾ ಹುಷಾರಿಲ್ಲ ಅನ್ನೋ ಸೂಚನೆ ಅದು.

ನೀರಿನ ಬಾಟಲ್ ತುಂಬಿದೆ ಅಂದ್ರೆ ಎಲ್ಲ ಸರಿ ಇದೆ ಅಂತಲ್ಲ, ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ ಇದ್ರೆ ಬಾಟಲಿನ ಮೂತಿ ಕಟ್ಟಿರ್ಬಹುದು, ಪ್ರಾಣಿ ಬಾಯಾರಿ ಸಾಯ್ತಿರ್ಬಹುದು. ಉಲ್ಟಾನೂ ಇದೆ, ಬಾಟಲ್ ಸೋರಿ ಕೇಜ್ ನೆನೆದ್ರೆ ಚಿಕ್ಕ ಮರಿಗಳು ಚಳಿಗೆ ಒಂದೇ ರಾತ್ರಿಲಿ ಹೋಗ್ತವೆ. ಗಿನಿಪಿಗ್ ಇರೋ ಕಡೆ ಫೀಡ್ ಚೀಲದ ಮೇಲಿನ ತಾರೀಕು ನೋಡ್ದೆ ಹಾಕ್ಬೇಡಿ, ನಮ್ಮ ದೇಹದ ಹಾಗೇ ಅವುಗಳ ದೇಹಕ್ಕೂ ವಿಟಮಿನ್ ಸಿ ತಯಾರಿಸ್ಕೊಳ್ಳೋಕೆ ಬರಲ್ಲ, ಹಳೇ ಫೀಡಲ್ಲಿ ಅದು ಕಡಿಮೆ ಆಗಿರತ್ತೆ.

ಗಂಡು ಮೌಸ್‌ಗಳ ಕೇಜ್ ಬದಲಾಯಿಸೋವಾಗ ಕ್ಲೀನ್ ಮಾಡೋ ಉತ್ಸಾಹದಲ್ಲಿ ಎಲ್ಲಾ ಹೊಸದು ಹಾಕಿದ್ರೆ ಜಗಳ ಶುರುವಾಗತ್ತೆ. ಹಳೇ ಗೂಡಿನ ಒಣ ಭಾಗ ಸ್ವಲ್ಪ ಹೊಸ ಕೇಜಿಗೆ ಹಾಕಿ, ಮೂತ್ರ ಆಗಿರೋ ಹೊಟ್ಟು ಮಾತ್ರ ಹಾಕ್ಬೇಡಿ, ಅದು ಜಗಳ ಇನ್ನೂ ಹೆಚ್ಚಿಸತ್ತೆ.

ಹಂತ 7: ಬರೆದಿಡಿ

ಪ್ರತಿ ಕೆಲಸಕ್ಕೂ ಎಸ್‌ಒಪಿ ಇರತ್ತೆ, ಅಂದ್ರೆ ಹೀಗೇ ಮಾಡ್ಬೇಕು ಅಂತ ಬರೆದಿಟ್ಟಿರೋ ಕ್ರಮ. ಪ್ರತಿ ರೂಮಿಗೂ ಲಾಗ್ ಶೀಟ್: ಅತಿ ಹೆಚ್ಚು ಅತಿ ಕಡಿಮೆ ತಾಪಮಾನ, ತೇವಾಂಶ, ನೀರು, ಫೀಡ್, ಸತ್ತವು ಎಷ್ಟು, ಹುಟ್ಟಿದವು ಎಷ್ಟು. ಮೌಸ್ ಗರ್ಭ ಸುಮಾರು 19ರಿಂದ 21 ದಿನ, ಮರಿಗಳನ್ನ ತಾಯಿಯಿಂದ ಬೇರೆ ಮಾಡೋದು ಸಾಮಾನ್ಯವಾಗಿ ಹುಟ್ಟಿದ 21ನೇ ದಿನ, ಆ ಹೊತ್ತಿಗೆ ತಾಯಿ ಮತ್ತೆ ಮರಿ ಹಾಕೋ ಹಂತದಲ್ಲಿರ್ಬಹುದು, ಒಂದು ತಾರೀಕು ಬರೆಯೋದು ಮರೆತ್ರೆ ಕೇಜಲ್ಲಿ ಎರಡು ಸೂಲಿನ ಮರಿ ಕಿಕ್ಕಿರಿದು ಚಿಕ್ಕವು ತುಳಿತಕ್ಕೆ ಸಿಗ್ತವೆ.

ವಾರದ ಕೊನೆಗೆ ಕೂತು ಏಳು ದಿನದ ಶೀಟಿಗೆ ಒಟ್ಟಿಗೆ ಸಹಿ ಹಾಕೋ ಚಾಳಿ ಕೆಲವು ಕಡೆ ಕಣ್ಣಿಗೆ ಬೀಳತ್ತೆ. ಎಷ್ಟೇ ಹಿರಿಯರು ಹೇಳಿದ್ರೂ ಅದಕ್ಕೆ ಕೈ ಹಾಕ್ಬೇಡಿ. ನೋಡದ ಪ್ರಾಣಿನ ನೋಡಿದೆ ಅಂತ ಬರೆದ್ರೆ ಅದು ಸುಳ್ಳು ದಾಖಲೆ, ಕೆಲಸ ಹೋಗೋದು ಒಂದು ಕಡೆ, ಅಲ್ಲೊಂದು ಪ್ರಾಣಿ ನೋವು ತಿಂತಾ ಇರತ್ತಲ್ಲ.

ಹಂತ 8: ಸರ್ಟಿಫಿಕೇಟ್ ಮತ್ತೆ ಕವಲು ದಾರಿಗಳು

ಒಂದೆರಡು ವರ್ಷ ಕೆಲಸ ಆದ್ಮೇಲೆ ಪರೀಕ್ಷೆ ಬರೀರಿ. ಎಎಎಲ್‌ಎಎಸ್ ಅನ್ನೋ ಅಮೆರಿಕದ ಲ್ಯಾಬ್ ಅನಿಮಲ್ ಸಂಸ್ಥೆಯದು ಮೂರು ಮೆಟ್ಟಿಲು: ಎಎಲ್‌ಎಟಿ (ಅಸಿಸ್ಟೆಂಟ್ ಟೆಕ್ನಿಷಿಯನ್), ಎಲ್‌ಎಟಿ (ಟೆಕ್ನಿಷಿಯನ್), ಎಲ್‌ಎಟಿಜಿ (ಟೆಕ್ನಾಲಜಿಸ್ಟ್). ಓದು ಮತ್ತೆ ಅನುಭವ ಎರಡನ್ನೂ ಸೇರಿಸಿ ಅರ್ಹತೆ ಲೆಕ್ಕ ಹಾಕ್ತಾರೆ, ಓದು ಕಡಿಮೆ ಇದ್ರೆ ಅನುಭವ ಜಾಸ್ತಿ ಬೇಕು. ಮ್ಯಾನೇಜರ್‌ಗಳಿಗೆ ಸಿಎಂಎಆರ್ ಅಂತ ಬೇರೆ ಇದೆ. ಬ್ರಿಟನ್‌ನಲ್ಲಿ ಐಎಟಿ ಅನ್ನೋ ಅನಿಮಲ್ ಟೆಕ್ನಾಲಜಿ ಸಂಸ್ಥೆಯ ಅರ್ಹತೆಗಳು, ಯುರೋಪಲ್ಲಿ ಫೆಲಾಸಾ (ಅಲ್ಲಿನ ಲ್ಯಾಬ್ ಅನಿಮಲ್ ಸಂಘಗಳ ಒಕ್ಕೂಟ) ಮಾನ್ಯತೆ ಇರೋ ಕೋರ್ಸುಗಳು. ಯುರೋಪ್ ಒಕ್ಕೂಟದ 2010ರ ನಿರ್ದೇಶನ ಕೆಲಸನ ಎ, ಬಿ, ಸಿ, ಡಿ ಅಂತ ನಾಲ್ಕು ಭಾಗ ಮಾಡಿದೆ: ಪ್ರಯೋಗ ಮಾಡೋದು, ಯೋಜಿಸೋದು, ಆರೈಕೆ ಮಾಡೋದು, ಕೊಲ್ಲೋದು. ಪ್ರತಿಯೊಂದಕ್ಕೂ ತರಬೇತಿ ಬೇಕೇ ಬೇಕು. ಭಾರತದಲ್ಲಿ ಸಿಸಿಎಸ್‌ಇಎ ಅನ್ನೋ, ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡೋ ಸರ್ಕಾರಿ ಸಮಿತಿ ಹತ್ರ ಸಂಸ್ಥೆ ನೋಂದಣಿ ಆಗಿರ್ಬೇಕು, ಹಳೇ ಕಾಗದಗಳಲ್ಲಿ ಇದನ್ನೇ ಸಿಪಿಸಿಎಸ್‌ಇಎ ಅಂತ ನೋಡ್ತೀರ. ಆನ್‌ಲೈನಲ್ಲಿ ವೀಡಿಯೋ ತೋರಿಸಿ ಸರ್ಟಿಫಿಕೇಟ್ ಕೊಡೋ ಕೋರ್ಸಿಗೆ ದುಡ್ಡು ಕಟ್ಟೋಕೆ ಮುಂಚೆ, ನೀವು ಸೇರ್ಬೇಕಂತಿರೋ ಸಂಸ್ಥೆ ಅದನ್ನ ಒಪ್ಪತ್ತಾ ಅಂತ ಕೇಳಿ.

ಕವಲುಗಳು ತುಂಬಾ ಇವೆ. ಬ್ರೀಡಿಂಗ್ ಕಾಲೊನಿ ಮ್ಯಾನೇಜ್ ಮಾಡೋದು, ಸರ್ಜರಿ ಮತ್ತೆ ಅರಿವಳಿಕೆಗೆ ಸಹಾಯ ಮಾಡೋದು, ರೋಗಾಣುಗಳ ಪ್ರಯೋಗ ನಡೆಯೋ ಬಯೋಸೇಫ್ಟಿ ಲ್ಯಾಬ್, ಮೀನಿನ ಫೆಸಿಲಿಟಿ (ಝೀಬ್ರಾಫಿಶ್‌ಗೆ ನೀರು ಸುಮಾರು 28 ಡಿಗ್ರಿ, ಅಲ್ಲಿ ಅರ್ಧ ಕೆಲಸ ನೀರಿನ ಕೆಮಿಸ್ಟ್ರಿನೇ), ತರಬೇತಿ ಕೊಡೋದು, ಎಥಿಕ್ಸ್ ಕಮಿಟಿಯ ಕಾಗದಪತ್ರ ನೋಡ್ಕೊಳ್ಳೋ ಕಂಪ್ಲಯನ್ಸ್ ಕೆಲಸ.

ಈ ಕ್ಷೇತ್ರಕ್ಕೆ ಭವಿಷ್ಯ ಇದ್ಯಾ ಅಂತ ಕೇಳೋರಿಗೆ: ಪ್ರಾಣಿ ಬಳಕೆ ಕಡಿಮೆ ಮಾಡೋ ಒತ್ತಡ ನಿಜ, ಒಳ್ಳೇದೂ ಹೌದು. ಯುರೋಪ್ ಒಕ್ಕೂಟದಲ್ಲಿ 2013ರಿಂದ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಕಾಸ್ಮೆಟಿಕ್ಸ್ ಮಾರಾಟಕ್ಕೆ ನಿಷೇಧ ಇದೆ. ಹೊಸ ಔಷಧಕ್ಕೆ ಪ್ರಾಣಿ ಪರೀಕ್ಷೆ ಆಗ್ಲೇಬೇಕು ಅನ್ನೋ ನಿಯಮನ ಅಮೆರಿಕ 2022ರ ಕೊನೆಗೆ ಕಾನೂನು ತಂದು ತೆಗೀತು. ಕೆಲಸ ಪೂರ್ತಿ ನಿಲ್ಲೋ ದಿನ ದೂರ ಇದೆ, ಆದ್ರೆ ಬರೀ ಕೇಜ್ ಬದಲಾಯಿಸೋದು ಮಾತ್ರ ಗೊತ್ತಿರೋರಿಗಿಂತ ವೆಲ್‌ಫೇರ್, ಡೇಟಾ, ನಿಯಮ ಗೊತ್ತಿರೋರಿಗೆ ಬೇಡಿಕೆ ಜಾಸ್ತಿ ಆಗತ್ತೆ, ಅದನ್ನ ನೆನಪಿಟ್ಟು ಕಲೀರಿ.

ಹಂತ 9: ಫೆಸಿಲಿಟಿ ಮ್ಯಾನೇಜರ್

ಇಲ್ಲಿಗೆ ಬಂದ್ಮೇಲೆ ನೀವು ನೋಡ್ಕೊಳ್ಳೋದು ಗಾಳಿ, ಕರೆಂಟು, ದುಡ್ಡು, ಜನ. ಅಮೆರಿಕದ ಮಾರ್ಗಸೂಚಿ ಪ್ರಕಾರ ಇಲಿ ರೂಮಿಗೆ 20ರಿಂದ 26 ಡಿಗ್ರಿ, ಮೊಲಕ್ಕೆ 16ರಿಂದ 22, ತೇವಾಂಶ 30ರಿಂದ 70 ಶೇಕಡಾ, ಗಂಟೆಗೆ 10ರಿಂದ 15 ಸಲ ರೂಮಿನ ಗಾಳಿ ಪೂರ್ತಿ ಬದಲಾಗೋದು ಸಾಮಾನ್ಯವಾಗಿ ಒಪ್ಪಿರೋ ಲೆಕ್ಕ. ಕ್ಲೀನ್ ರೂಮಲ್ಲಿ ಗಾಳಿ ಒತ್ತಡ ಕಾರಿಡಾರಿಗಿಂತ ಜಾಸ್ತಿ ಇರ್ಬೇಕು, ಹೊರಗಿನದು ಒಳಗೆ ಬರ್ದೇ ಇರ್ಲಿ ಅಂತ, ರೋಗಾಣು ಇರೋ ರೂಮಲ್ಲಿ ಕಮ್ಮಿ ಇರ್ಬೇಕು, ಒಳಗಿನದು ಹೊರಗೆ ಹೋಗ್ದೇ ಇರ್ಲಿ ಅಂತ. ಬಾಗಿಲು ತೆರೆದಿಟ್ಟು ಟ್ರಾಲಿ ಅಡ್ಡ ಇಟ್ರೆ ಇದೆಲ್ಲ ಒಂದೇ ನಿಮಿಷದಲ್ಲಿ ಕೆಡತ್ತೆ. ಲೈಟು ಸಾಮಾನ್ಯವಾಗಿ 12 ಗಂಟೆ ಉರೀಬೇಕು, 12 ಗಂಟೆ ಆರಿರ್ಬೇಕು, ಟೈಮರ್ ಕೆಟ್ಟು ರಾತ್ರಿಯೆಲ್ಲಾ ಉರಿದ್ರೆ ಬ್ರೀಡಿಂಗೇ ಏರುಪೇರಾಗತ್ತೆ, ಹಗಲು ಕೆಲಸ ಮಾಡೋರಿಗೆ ಇದು ಕಾಣ್ಸೋದೇ ಇಲ್ಲ, ಅದಕ್ಕೆ ರಾತ್ರಿ ಬೆಳಕು ದಾಖಲಿಸೋ ಸೆನ್ಸರ್ ಇಡಿಸಿ.

ವಿಪತ್ತಿನ ಯೋಜನೆ ಕಾಗದದಲ್ಲಿ ಇದ್ರೆ ಸಾಲ್ದು. 2001ರಲ್ಲಿ ಹ್ಯೂಸ್ಟನ್‌ನಲ್ಲಿ ಆಲಿಸನ್ ಬಿರುಗಾಳಿ ಮಳೆಗೆ, 2012ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಂಡಿ ಚಂಡಮಾರುತಕ್ಕೆ, ನೆಲಮಾಳಿಗೆಯಲ್ಲಿದ್ದ ಅನಿಮಲ್ ಫೆಸಿಲಿಟಿಗಳಿಗೆ ನೀರು ನುಗ್ಗಿ ಸಾವಿರಾರು ಪ್ರಾಣಿ ಸತ್ತವು. ಜನರೇಟರ್ ಎಲ್ಲಿದೆ, ಅದರ ಇಂಧನದ ಪಂಪ್ ಎಲ್ಲಿದೆ, ನೀರು ಬಂದ್ರೆ ಯಾವುದು ಮೊದ್ಲು ಮುಳುಗತ್ತೆ ಅಂತ ನೀವೇ ಇಳಿದು ಹೋಗಿ ನೋಡಿ.

ದುಡ್ಡಿನ ಲೆಕ್ಕ ಪರ್ ಡೀಮ್ ಮೇಲೆ ನಡೆಯತ್ತೆ, ಅಂದ್ರೆ ಒಂದು ಕೇಜಿಗೆ ಒಂದು ದಿನಕ್ಕೆ ಸಂಶೋಧಕರಿಂದ ತಗೊಳ್ಳೋ ಚಾರ್ಜು. ಕೇಜ್ ಎಣಿಕೆ ತಪ್ಪಿದ್ರೆ ಬಜೆಟ್ ತಪ್ಪತ್ತೆ, ಬಜೆಟ್ ತಪ್ಪಿದ್ರೆ ಮೊದ್ಲು ಕತ್ತರಿ ಬೀಳೋದು ಜನಕ್ಕೆ, ಜನ ಕಮ್ಮಿಯಾದ್ರೆ ಒಬ್ಬೊಬ್ಬರು ಓಡ್ತಾ ನೋಡ್ತಾರೆ, ಓಡ್ತಾ ನೋಡಿದ್ರೆ ಪ್ರಾಣಿ ಕಷ್ಟ ಕಾಣಲ್ಲ.

ಜನರ ಮನಸ್ಸನ್ನೂ ನೋಡ್ಕೊಳ್ಳಿ. ದಿನಾ ಆರೈಕೆ ಮಾಡಿದ್ದನ್ನೇ ಕೊಲ್ಲಬೇಕಾದಾಗ ಬರೋ ಆಯಾಸಕ್ಕೆ ಕಂಪ್ಯಾಷನ್ ಫಟೀಗ್ ಅಂತಾರೆ. ಗಟ್ಟಿಮುಟ್ಟಾಗಿರೋರೂ ಸಿಡುಕ್ತಾರೆ, ನಿದ್ದೆಗೆಡ್ತಾರೆ, ಪ್ರಾಣಿ ಕಡೆ ನಿರ್ಲಕ್ಷ್ಯ ಶುರುವಾಗತ್ತೆ. ಒಬ್ಬರಿಗೇ ಯುಥನೇಷಿಯಾ ಡ್ಯೂಟಿ ವಾರಗಟ್ಟಲೆ ಹಾಕ್ಬೇಡಿ, ಒಂದು ಅಧ್ಯಯನ ಯಾವಾಗ ಮುಗಿಯತ್ತೆ ಅಂತ ಮೊದ್ಲೇ ಹೇಳಿ, ಅದರಿಂದ ಏನು ಗೊತ್ತಾಯ್ತು ಅಂತ ಸಂಶೋಧಕರನ್ನ ಕರೆದು ಕೇರ್‌ಟೇಕರ್‌ಗಳಿಗೆ ಹೇಳಿಸಿ. ಸಾಧ್ಯ ಇರೋ ಪ್ರಾಣಿಗಳನ್ನ ದತ್ತು ಕೊಡೋ ವ್ಯವಸ್ಥೆ ಕೆಲವು ಸಂಸ್ಥೆಗಳಲ್ಲಿದೆ, ನಿಮ್ಮಲ್ಲಿ ಇಲ್ದಿದ್ರೆ ಕಮಿಟಿ ಮುಂದಿಡಿ.

ಮ್ಯಾನೇಜರ್ ಆಗೋ ಆಸೆ ಇರೋರು ಸೂಪರ್‌ವೈಸರ್ ಆಗಿರೋವಾಗ್ಲೇ ಮೂರು ವಿಷ್ಯ ಬಾಯಿಬಿಟ್ಟು ಕೇಳಿ ತಗೊಳ್ಳಿ: ಬಜೆಟ್ ಮೀಟಿಂಗಲ್ಲಿ ಕೂರೋ ಅವಕಾಶ, ಇನ್ಸ್‌ಪೆಕ್ಷನ್ ಬಂದಾಗ ಅವರ ಜೊತೆ ರೂಮ್ ರೂಮ್ ಸುತ್ತೋ ಅವಕಾಶ, ರಾತ್ರಿ ಅಲಾರಂ ಬಂದ್ರೆ ಫೋನ್ ಹೋಗೋ ಪಟ್ಟಿಯಲ್ಲಿ ನಿಮ್ಮ ಹೆಸರು. ಮೂರನೇದನ್ನ ಯಾರೂ ಕೇಳಲ್ಲ, ಆದ್ರೆ ಕಟ್ಟಡ ಹೇಗೆ ಕೆಡತ್ತೆ ಅಂತ ಕಲಿಸೋದು ಅದೇ.